ಕೊಟ್ರೇಶಪ್ಪನವರ ಮೀನು ಸಂದರ್ಶನ

"ಇನ್ಮೇಲೆ ಈ ಮನೆಗೆ ಯಾವ ಮೀನೂ ಸುಮ್ನೆ ಬರಲ್ಲ. ಇಂಟರ್‌ವ್ಯೂ ಕೊಟ್ಟು, ಪಾಸಾಗಿ ಬರುತ್ತೆ!" ಎಂದು ನಮ್ಮ ಭಾವ ಕೊಟ್ರೇಶಪ್ಪನವರು ಸೊಂಟದ ಮೇಲೆ ಕೈಯಿಟ್ಟು ಘೋಷಿಸಿದರು.

ಶನಿವಾರ ಸಂಜೆ, ಅವರ ಮನೆಯ ನಡುಮನೆ. ಸಭಿಕರು ಇಬ್ಬರೇ: ನನ್ನ ಅಕ್ಕ ದಾಕ್ಷಾಯಣಿ, ಮತ್ತು ಪಕ್ಕದ ಮನೆಯ ನಾನು, ಹಾಲೇಶ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಟೀಪಾಯಿಯ ಮೇಲೆ ಮೂರು ಡಬ್ಬಿಯ ಸ್ಟೀಲ್ ಟಿಫಿನ್ ಕ್ಯಾರಿಯರ್ ಒಂದು ಕುಳಿತಿತ್ತು. ಮೇಲಿನ ಡಬ್ಬಿಯಲ್ಲಿ ಬ್ಯಾಟರಿ, ನಡುವಿನದರಲ್ಲಿ ವೈರುಗಳ ಗೋಜಲು, ಕೆಳಗಿನದರಲ್ಲಿ ಹಳೆಯ ರೇಡಿಯೋದ ಸ್ಪೀಕರ್. ಪಕ್ಕದಿಂದ ಹೊರಟ ಉದ್ದನೆಯ ವೈರಿನ ತುದಿಯಲ್ಲಿ ಚಮಚವೊಂದು ನೇತಾಡುತ್ತಿತ್ತು. ಕ್ಯಾರಿಯರ್ರೂ ಚಮಚವೂ ತನ್ನವೆಂದು ಅಕ್ಕ ಆಗಲೇ ಎರಡು ಸಲ ಹೇಳಿದ್ದಳು.

ಭಾವ ನೀರು ಸರಬರಾಜಿನಲ್ಲಿ ಮೂವತ್ತೆರಡು ವರ್ಷ ಎಂಜಿನಿಯರ್ ಆಗಿದ್ದವರು. ನಮ್ಮೂರಿನಲ್ಲಿ ಎಂಟು ದಿನಕ್ಕೊಮ್ಮೆ, ಒಂದು ಗಂಟೆ ನೀರು ಬರುತ್ತದೆ. ಬೀದಿಯ ಪೈಪಿಗೇ ಮೋಟಾರ್ ಹಚ್ಚಿ ಎಳೆದುಕೊಂಡವನಿಗೆ ನೀರು, ಉಳಿದವನಿಗೆ ಗಾಳಿ. ಹಾಗೆ ಮೋಟಾರ್ ಹಚ್ಚುವುದು ಅಪರಾಧ. ಭಾವ ಸರ್ವಿಸಿನಲ್ಲಿದ್ದಾಗ ಜೀಪಿನಲ್ಲಿ ಬಂದು ಮನೆಮನೆಗೆ ನುಗ್ಗಿ ಮೋಟಾರ್ ಕಿತ್ತುಕೊಂಡು ಹೋಗುತ್ತಿದ್ದರು. ಅವರನ್ನು ಕಂಡರೆ ಊರಿಗೆ ಊರೇ ನಡುಗುತ್ತಿತ್ತು. ಈಗ ನಿವೃತ್ತಿಯಾಗಿ, ಹೊಸ ಯಂತ್ರ ಕಂಡುಹಿಡಿಯುತ್ತಾ ಮನೆಯವರನ್ನು ಮಾತ್ರ ನಡುಗಿಸುತ್ತಾರೆ.

ಅವರ ಮನೆಯ ಮೂಲೆಯಲ್ಲಿ ಎರಡಡಿಯ ಗಾಜಿನ ತೊಟ್ಟಿ ಇತ್ತು. ಒಳಗೆ ಅಕ್ಕ ಕೈಯಾರೆ ನೆಟ್ಟ ನೀರುಹುಲ್ಲು, ಜರೀಗಿಡ, ನಾಲ್ಕು ಕಲ್ಲು, ಒಂದು ಮಣ್ಣಿನ ಕುಡಿಕೆ. ಆ ಪುಟ್ಟ ತೊಟ್ಟಿಗೆ ಭಾವ ಅದೆಂಥ ಪಂಪು ಜೋಡಿಸಿದ್ದರೋ, ನೀರು ಬೋರ್ಗರೆಯುತ್ತಿತ್ತು! ಗಿಡಗಳೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ ಒಂದೇ ಕಡೆ ಮಲಗಿರುತ್ತಿದ್ದವು. ಒಂದು ತಿಂಗಳಲ್ಲಿ ನಾಲ್ಕು ಸಲ ಹೊಸ ಮೀನು ತಂದರು. ನಾಲ್ಕು ಸಲವೂ ಅವು ಆ ರಭಸಕ್ಕೆ ಗಾಜಿಗೆ ಬಡಿದು ಸತ್ತವು. ಉಳಿದದ್ದು ಗೌರಿ ಒಂದೇ, ಅದೂ ಕುಡಿಕೆಯೊಳಗೆ ಅಡಗಿ.

ಗೌರಿ ನೀಲಿ ಬಣ್ಣದ, ಉದ್ದ ಬಾಲದ ಫೈಟರ್ ಮೀನು. ಅದು ಗಂಡೆಂದು ಅಂಗಡಿಯವನು ಆಮೇಲೆ ಹೇಳಿದರೂ ಅಕ್ಕ ಹೆಸರು ಬದಲಿಸಲಿಲ್ಲ. ಎರಡು ವರ್ಷದ ಹಿಂದೆ ಅವಳಿಗೆ ಮಂಡಿಯ ಆಪರೇಷನ್ ಆಗಿ ನಾಲ್ಕು ತಿಂಗಳು ಮಂಚ ಬಿಟ್ಟು ಇಳಿಯಲಿಲ್ಲ. ಭಾವ ಮಹಡಿಯಲ್ಲಿ ಯಂತ್ರಗಳ ಜೊತೆ, ನಾನು ಶಾಲೆಯಲ್ಲಿ. ದಿನವಿಡೀ ಅವಳ ಕಣ್ಣೆದುರಿಗೆ ಇದ್ದದ್ದು ಗೌರಿ ಮಾತ್ರ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅವಳನ್ನು ಎಬ್ಬಿಸಿ ಕೂರಿಸಿದ್ದು ನಾವಲ್ಲ, ಆ ಮೀನು. ಪಾಪ, ಅದಕ್ಕೊಂದು ಜೊತೆ ಬೇಕು ಎನ್ನುವುದು ಅಕ್ಕನ ಹಟ.

"ಮೀನು ರೆಕ್ಕೆ ಅಲ್ಲಾಡಿಸಿದಾಗ ನೀರಲ್ಲಿ ಸಣ್ಣ ಕರೆಂಟು ಹುಟ್ಟುತ್ತೆ. ಚಮಚ ಅದನ್ನ ಹಿಡಿಯುತ್ತೆ, ಯಂತ್ರ ಮಾತು ಮಾಡುತ್ತೆ," ಎಂದರು ಭಾವ. "ನಾನೂರು ಪದ ನನ್ನ ಧ್ವನೀಲೇ ರೆಕಾರ್ಡ್ ಮಾಡಿದ್ದೀನಿ. ಈ ತೊಟ್ಟಿಗೆ ಯಾವ ಮೀನು ಹೊಂದುತ್ತೆ ಅಂತ ಮೀನನ್ನೇ ಕೇಳಿದ್ರಾಯ್ತು!"

ಚಮಚ ತೊಟ್ಟಿಗೆ ಇಳಿಯಿತು. ಗೌರಿ ಕುಡಿಕೆಯಿಂದ ಮೂತಿ ಹೊರಗಿಟ್ಟಿತು. ಸ್ಪೀಕರ್ ಕರ್ರ್ ಎಂದು ಕೆಮ್ಮಿ, ಥೇಟ್ ಭಾವನ ಧ್ವನಿಯಲ್ಲಿ ಹೇಳಿತು: "ಒತ್ತಡ ತಗ್ಗಿಸುವಂತೆ ಕೋರಿಕೆ."

ಭಾವನಿಗೆ ಗೊತ್ತಿದ್ದ ನಾನೂರು ಪದಗಳೂ ಕಚೇರಿಯವೇ!

"ಎರಡು ವರ್ಷ ಸಾಕಿದ್ದೀನಿ," ಎಂದು ಅಕ್ಕ ಎದ್ದು ನಿಂತಳು. "ಮೊದಲನೇ ಸಲ ಬಾಯಿ ಬಿಡ್ತು, ಅದೂ ನಿಮ್ಮ ಗಂಟಲಲ್ಲಾ! ಹೋಗಲಿ, ಪಂಪು ಕಡಿಮೆ ಮಾಡ್ರಿ. ಕೇಳ್ತಿದೆಯಲ್ಲ ಪಾಪ."

"ಒಬ್ಬರ ಮಾತು ಕೇಳಿ ಪ್ರೆಶರ್ ಇಳಿಸೋಕಾಗುತ್ತೇನೇ? ಹೊಸಬರು ಬರಲಿ. ಬಹುಮತ ಹೇಳಿದ ಹಾಗೆ ಮಾಡೋಣ!"

ಅಂದೇ ಮೂವರೂ ಕ್ಯಾರಿಯರ್ ಹೊತ್ತು ಇಮ್ತಿಯಾಜನ ಮೀನಂಗಡಿಗೆ ಹೋದೆವು. ಇಮ್ತಿಯಾಜ್ ಒಳ್ಳೆಯ ಮಾತನ್ನೇ ಹೇಳಿದ. "ಸಾರ್, ಎರಡಡಿ ತೊಟ್ಟಿ, ಗಿಡ ಬೇರೆ, ಅಷ್ಟು ಜೋರು ನೀರು. ಉದ್ದ ರೆಕ್ಕೆದು ಬೇಡ, ದಪ್ಪಂದು ಬೇಡ. ಎಲ್ಲಕ್ಕಿಂತ ವಾಸಿ, ಪಂಪು ಕಡಿಮೆ ಮಾಡಿಬಿಡಿ."

"ಪಂಪಿನ ಮಾತು ಬಿಟ್ಟು ಬೇರೆ ಆಡು," ಎಂದು ಭಾವ ಚಮಚ ಹಿಡಿದು ಮುಂದೆ ನುಗ್ಗಿದರು.

ಗೋಲ್ಡ್‌ಫಿಷ್ ಹೇಳಿತು: "ಆಹಾರ ಸರಬರಾಜಿನ ವಿವರ ಒದಗಿಸಿ." ಫೇಲ್! ಏಂಜಲ್ ಮೀನು ಹೇಳಿತು: "ಸ್ಥಳಾವಕಾಶ ಸಾಲದು, ಪ್ರಸ್ತಾವ ತಿರಸ್ಕೃತ." ಅದೂ ಫೇಲ್! ಪಟ್ಟೆಪಟ್ಟೆಯ ಜೀಬ್ರಾ ಮೀನುಗಳು ಚುರುಕಾಗಿದ್ದವು. ಇಮ್ತಿಯಾಜನಿಗೂ ಅವೇ ಸರಿ ಎನ್ನಿಸಿತ್ತು. ಆದರೆ ಅವು "ಸಿಬ್ಬಂದಿ ಹನ್ನೆರಡು, ಸಾಮೂಹಿಕ ವರ್ಗಾವಣೆ ಮಾತ್ರ" ಎಂದು ಪಟ್ಟು ಹಿಡಿದವು. ಹನ್ನೆರಡು ಹೆಚ್ಚಾಯಿತೆಂದು ಭಾವ ಮುಂದೆ ಸಾಗಿದರು.

ಕೊನೆಯ ತೊಟ್ಟಿಯಲ್ಲಿ ಆರು ಚಪ್ಪಟೆ ಮೀನುಗಳು ಗಾಜಿಗೆ ಬಿಂದಿಯ ಹಾಗೆ ಅಂಟಿಕೊಂಡಿದ್ದವು. ಘಟ್ಟದ ಹಳ್ಳಗಳಲ್ಲಿ ಬಂಡೆ ಕಚ್ಚಿಕೊಂಡು ಬದುಕುವ ಜಾತಿಯಂತೆ. ಚಮಚ ಇಳಿದದ್ದೇ ತಡ, ಆರೂ ಒಟ್ಟಿಗೆ ಕೂಗಿದವು: "ಒತ್ತಡ ಸಾಲದು! ಒತ್ತಡ ಸಾಲದು!"

ಭಾವನ ಕಣ್ಣು ತುಂಬಿ ಬಂತು. "ಮೂವತ್ತೆರಡು ವರ್ಷ ಫೋನಲ್ಲಿ ಇದೇ ಮಾತು ಕೇಳಿದ್ದೀನಿ ಹಾಲೇಶ. ಇಷ್ಟು ಪ್ರೀತಿಯಿಂದ ಹೇಳಿದವರು ಇವರೇ ಮೊದಲು!"

ಆರೂ ಮನೆಗೆ ಬಂದವು.

ಮರುದಿನ ಭಾನುವಾರ, ಬೀದಿಗೆ ನೀರು ಬರುವ ದಿನ. ಬೆಳಿಗ್ಗೆ ಆರಕ್ಕೆ ಅಕ್ಕನ ಮನೆಯ ಟೀ ಕುಡಿಯಲು ಹೋದೆ. ಒಳಗೆ ಗಲಾಟೆಯೋ ಗಲಾಟೆ. "ಒತ್ತಡ ಸಾಲದು!" ಎಂದು ಆರು ಮೀನುಗಳು ಅರಚುತ್ತಿದ್ದವು. ಭಾವ ಪಂಪಿನ ತಿರುಪನ್ನು ಪೂರಾ ತಿರುಗಿಸಿದ್ದರು. ತೊಟ್ಟಿಯ ನೀರು ಸುಳಿಸುಳಿಯಾಗಿ ಸುತ್ತುತ್ತಿತ್ತು. ಗೌರಿ ಕುಡಿಕೆಯ ಅಂಚು ಹಿಡಿದು ಒದ್ದಾಡುತ್ತಿತ್ತು.

"ಜಾಲರಿ ತೆರವುಗೊಳಿಸಿ!" ಎಂದವು ಆರೂ.

ಜಾಲರಿ ಎಂದರೆ ಮೀನು ಸಿಕ್ಕಿಕೊಳ್ಳದಿರಲೆಂದು ಪಂಪಿನ ಬಾಯಿಗೆ ಹಾಕಿದ್ದ ಬಲೆ. ಅದಿದ್ದರೆ ನೀರಿನ ರಭಸ ಕಡಿಮೆಯಂತೆ.

"ಆಕ್ಷೇಪಣೆ," ಎಂದಿತು ಗೌರಿ.

"ತೆಗೀಬೇಡಿ ರೀ! ನನ್ನಾಣೆ!" ಎಂದಳು ಅಕ್ಕ.

"ಒಂದಕ್ಕೆ ಆರು! ಆಕ್ಷೇಪಣೆ ವಜಾ!" ಎಂದು ಭಾವ ಜಾಲರಿ ಕಿತ್ತೇಬಿಟ್ಟರು.

ಆ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು. ಪಂಪು ನಿಂತಿತು. ಅಬ್ಬ, ಒಳ್ಳೆಯದೇ ಆಯಿತೆಂದು ನಾನು ಟೀ ಲೋಟಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ತೊಟ್ಟಿಯ ನೀರು ಇಳಿಯತೊಡಗಿತು. ಪಂಪಿನ ಬಾಯಿ ಗಟಗಟನೆ ನೀರು ಕುಡಿಯುತ್ತಿತ್ತು! ಆರು ಮೀನುಗಳು ಗಾಜಿಗೆ ಕಚ್ಚಿಕೊಂಡವು. ಗೌರಿಗೆ ಕಚ್ಚಿಕೊಳ್ಳಲು ಬರುವುದಿಲ್ಲ. ಅಕ್ಕ ಕೈ ಹಾಕುವಷ್ಟರಲ್ಲಿ ನೀಲಿ ಬಾಲ ಒಮ್ಮೆ ಮಿಂಚಿ ಪೈಪಿನೊಳಗೆ ಮಾಯವಾಯಿತು.

ಅಕ್ಕ ಬಗ್ಗಿ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಿದಳು.

"ಆ ಪೈಪು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

ಭಾವ ಸೂರು ನೋಡಿದರು.

"ನಿಮ್ಮನ್ನೇ ಕೇಳ್ತಿರೋದು! ತೊಟ್ಟಿ ನೀರು ತೊಟ್ಟಿಗೇ ತಾನೆ ಬರಬೇಕು?"

"ಬೀದಿಗೆ ಹೋಗುತ್ತೆ," ಎಂದರು ಭಾವ, ಮೆಲ್ಲಗೆ.

ತೊಟ್ಟಿಯ ಕೆಳಗಿನ ಕಪಾಟು ತೆರೆದು ನೋಡಿದೆ. ಒಳಗೆ ಒಂದು ಎಚ್‌ಪಿಯ ಮೋಟಾರ್, ಬೀದಿಯ ಪೈಪಿಗೆ ನೇರವಾಗಿ ಜೋಡಿಸಿದ್ದು! ತೊಟ್ಟಿಯ ನೀರು ಸುತ್ತಿಸುತ್ತಿದ್ದದ್ದೂ ಅದೇ; ಅದು ನಿಂತರೆ ನೀರು ಖಾಲಿ ಬೀದಿಪೈಪಿಗೆ ಇಳಿದುಹೋಗುತ್ತದೆ. ನೀರು ಬಂದ ದಿನ ಎಳೆಯುವುದಕ್ಕೆ. ಸದ್ದು ಕೇಳಿ ಯಾರಾದರೂ ಬಂದರೆ ಮೀನಿನ ತೊಟ್ಟಿಯ ಪಂಪು ಎಂದು ತೋರಿಸುವುದಕ್ಕೆ ಮೇಲೊಂದು ತೊಟ್ಟಿ. ಪಂಪಿನ ಜೋರು ಯಾಕೆ ಇಳಿಯುತ್ತಿರಲಿಲ್ಲ ಎನ್ನುವುದು ಈಗ ತಿಳಿಯಿತು.

"ಊರವರ ಮೋಟಾರೆಲ್ಲ ಕಿತ್ತವರು ನೀವು!" ಎಂದೆ.

"ಇಲಾಖೆ ಹರಾಜಲ್ಲಿ ನ್ಯಾಯವಾಗಿ ಕೂಗಿ ತಗೊಂಡಿದ್ದು ಕಣೋ," ಎಂದರು ಭಾವ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬದುಕಿರುತ್ತಾ?"

"ಬದುಕಿರುತ್ತೆ. ಫೈಟರ್ ಮೀನು ಮೇಲೆ ಬಂದು ಗಾಳಿನೂ ಉಸಿರಾಡುತ್ತೆ. ಪೈಪಲ್ಲಿ ಈಗ ಅರ್ಧ ನೀರು, ಅರ್ಧ ಗಾಳಿ," ಎಂದ ಭಾವನ ದನಿ ಅಲ್ಲಿಗೇ ಕುಸಿಯಿತು. "ಏಳು ಗಂಟೆವರೆಗೆ."

ಏಳಕ್ಕೆ ಬೀದಿಗೆ ನೀರು ಬಿಡುತ್ತಾರೆ. ಬಿಟ್ಟ ತಕ್ಷಣ ಬೀದಿಯ ಮೋಟಾರುಗಳೆಲ್ಲ ಶುರುವಾಗುತ್ತವೆ. ಯಾವುದಾದರೂ ಒಂದು ಮೋಟಾರಿನ ಚಕ್ರಕ್ಕೆ ಗೌರಿ ಸಿಕ್ಕಿದರೆ ಮುಗಿಯಿತು. ಆಗ ಆರೂ ಇಪ್ಪತ್ತು. ಇವತ್ತು ಕರೆಂಟು ಬಾರದಿರಲಪ್ಪಾ ಎಂದು ಅಕ್ಕ ಕೈ ಮುಗಿದಳು. ಕೈ ಇಳಿಸುವ ಮೊದಲೇ ಕರೆಂಟು ಬಂತು.

ಭಾವ ತಮ್ಮ ಮೋಟಾರಿನ ಸ್ವಿಚ್ ಆರಿಸಿ, ನೀರು ಬಿಡುವವನಿಗೆ ಫೋನ್ ಮಾಡಿದರು. "ಪೈಪಲ್ಲಿ ಮೀನಿದೆ ಅಂತ ನೀರು ನಿಲ್ಲಿಸಿದ್ರೆ ನನ್ನ ಕೆಲಸ ಹೋಗುತ್ತೆ ಸಾರ್. ಲಿಖಿತವಾಗಿ ಕೊಡಿ," ಎಂದು ಅವನು ಫೋನಿಟ್ಟ. ಅದನ್ನು ಅವನಿಗೆ ಕಲಿಸಿದವರು ಭಾವನೇ.

ಉಳಿದದ್ದು ಒಂದೇ ದಾರಿ, ಮನೆಮನೆಗೆ ಹೋಗಿ ಬೇಡಿಕೊಳ್ಳುವುದು. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ. ಭಾವನದು ನಾಲ್ಕನೆಯದು, ಅಲ್ಲಿಂದ ಮುಂದೆ ಇಳಿಜಾರು. ಗೌರಿ ಇಳಿಜಾರಿನ ಕಡೆಗೇ ಹೋಗಿರಬೇಕು. ಮೂವರೂ ಓಡಿದೆವು. ಮಂಡಿ ನೋವಿನ ಅಕ್ಕನೇ ಮುಂದೆ!

"ಇವತ್ತೊಂದು ದಿನ ಮೋಟಾರ್ ಹಾಕಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಏಳನೇ ಮನೆಯ ಸುಲೋಚನಮ್ಮನಿಗೆ.

"ಮೋಟಾರಾ? ಅಯ್ಯೋ ದಾಕ್ಷಾಯಣಮ್ಮ, ನಮ್ಮನೇಲಿ ಮಿಕ್ಸಿನೇ ಇಲ್ಲ, ಇನ್ನು ಮೋಟಾರ್ ಎಲ್ಲಿಂದ ಬರಬೇಕು?" ಎಂದರು ಅವರು. ಒಳಗೆ ಮಿಕ್ಸಿ ತಿರುಗುತ್ತಿತ್ತು.

ಒಂಬತ್ತನೇ ಮನೆಯ ವಾಮನಮೂರ್ತಿಗಳು ಖಜಾನೆಯಲ್ಲಿದ್ದು ನಿವೃತ್ತರಾದವರು. ಭಾವನನ್ನು ಕಂಡು ಬಾಗಿಲನ್ನು ಅರ್ಧ ಮುಚ್ಚಿ, "ಏನ್ರೀ ಕೊಟ್ರೇಶಪ್ಪ, ರಿಟೈರಾದ್ಮೇಲೂ ರೇಡಾ?" ಎಂದರು.

"ರೇಡಲ್ಲ ಸ್ವಾಮಿ, ಮೀನು!"

"ಹೋದ ಸಲ ಜನಗಣತಿ ಅಂತ ಒಳಗೆ ಬಂದಿದ್ರಿ, ಅದಕ್ಕೂ ಮುಂಚೆ ಪೋಲಿಯೋ ಹನಿ ಅಂತ. ಈಗ ಮೀನು! ನನ್ನ ಹತ್ರ ಯಾವ ಮೋಟಾರೂ ಇಲ್ಲ, ಹೋಗ್ರಿ," ಎಂದು ಬಾಗಿಲು ಹಾಕಿಕೊಂಡರು.

ಎಲ್ಲ ಕಡೆಯೂ ಇದೇ ಹಾಡು. ಇಲ್ಲದ ಮೋಟಾರನ್ನು ಹಾಕಬೇಡಿ ಎಂದರೆ ಯಾರು ತಾನೆ ಒಪ್ಪುತ್ತಾರೆ? ಒಪ್ಪಿದರೆ ಇದೆಯೆಂದು ಒಪ್ಪಿದಂತಾಯಿತು! ಹದಿನಾಲ್ಕನೇ ಮನೆಯ ರತ್ನಾಬಾಯಿ ಮಾತ್ರ ಅಂಗಳದ ನಲ್ಲಿಗುಂಡಿಯ ಪಕ್ಕ ಖಾಲಿ ಕೊಡಗಳ ನಡುವೆ ಕುಳಿತು ನಿಜ ಹೇಳಿದರು. "ನನ್ನ ಹತ್ರ ಮೋಟಾರ್ ಇಲ್ಲಮ್ಮ. ಅದಕ್ಕೇ ವರ್ಷದಿಂದ ಇದರಲ್ಲಿ ಬರೀ ಗಾಳಿ. ನಿನ್ನ ಮೀನು ಇಲ್ಲಿಗೆ ಬಂದ್ರೆ ಹಿಡೀತೀನಿ. ಬರಬೇಕಲ್ಲ!"

ಆರೂ ನಲವತ್ತೈದು. ಅಕ್ಕ ರಸ್ತೆಯ ಮಧ್ಯೆ ಕುಸಿದು ಕುಳಿತಳು. "ಬದುಕಿದೆಯೋ ಇಲ್ವೋ, ಅದನ್ನಾದ್ರೂ ಹೇಳಿ," ಎಂದು ಅತ್ತಳು.

ಭಾವನ ಮುಖ ನೋಡಲಾಗುತ್ತಿರಲಿಲ್ಲ. ಓಡಿಹೋಗಿ ಕ್ಯಾರಿಯರ್ ತಂದರು. ರಸ್ತೆ ನಡುವಿನ ವಾಲ್ವ್ ಗುಂಡಿಯ ಕಬ್ಬಿಣದ ಮುಚ್ಚಳ ಎತ್ತಿ, ಗಾಳಿ ಬಿಡುವ ತೂತಿನಿಂದ ಚಮಚವನ್ನು ಪೈಪಿನೊಳಗೆ ಇಳಿಸಿದರು. ಗಡಿಬಿಡಿಯಲ್ಲಿ ನೀರು ಬಿದ್ದು ಯಂತ್ರದ ಸ್ಪೀಕರ್ ಕೆಟ್ಟಿತು. ರಾಜ್ಯೋತ್ಸವ ಸಮಿತಿಯ ದೊಡ್ಡ ಸ್ಪೀಕರ್ ನಮ್ಮ ಮನೆಯಲ್ಲಿತ್ತು. ನಾನು ಅದನ್ನೇ ಹೊತ್ತು ತಂದು ನಮ್ಮ ಕಿಟಕಿಯಿಂದ ವೈರೆಳೆದು ಜೋಡಿಸಿದೆ.

ಕರ್ರ್ ಎಂದಿತು.

"ಬೆಳಕಿನ ಅಭಾವ," ಎಂದು ಭಾವನ ಧ್ವನಿ ಇಡೀ ಬೀದಿಗೆ ಗುಡುಗಿತು. "ತುಕ್ಕು. ದುರಸ್ತಿ ಬಾಕಿ."

"ಗೌರಿ!" ಎಂದು ಅಕ್ಕ ಕಿರುಚಿದಳು. ಮನೆಮನೆಯ ಕಿಟಕಿಗಳು ತೆರೆದವು.

"ಮುಂದುವರಿಯಲಾಗುತ್ತಿದೆ," ಎಂದಿತು ಗೌರಿ. ಸ್ವಲ್ಪ ಹೊತ್ತು ಬಿಟ್ಟು, "ಎಡಬದಿಗೆ ಅನಧಿಕೃತ ಮೋಟಾರ್ ಪತ್ತೆ!"

ಎಡಬದಿಗೆ ಮೊದಲನೆಯದು ಐದನೇ ಮನೆ. ಐದನೇ ಮನೆ ನನ್ನದು. ಹೌದು, ನನ್ನ ಬಚ್ಚಲ ಹಿಂದೆ ಒಂದು ಅರ್ಧ ಎಚ್‌ಪಿ ಇದೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ ಸಾಕಾಯಿತು. ಓಡಿಹೋಗಿ ಮೋಟಾರಿನ ಫ್ಯೂಸ್ ಕಿತ್ತುಕೊಂಡು ಬಂದೆ.

"ಬಲಬದಿಗೆ ಅನಧಿಕೃತ ಮೋಟಾರ್ ಪತ್ತೆ. ಎಡಬದಿಗೆ ಪತ್ತೆ. ಒಂದೂವರೆ ಎಚ್‌ಪಿ!"

"ಅದು ನಮ್ಮದಲ್ಲ!" ಎಂದು ಸುಲೋಚನಮ್ಮ ಕಿಟಕಿಯಿಂದ ಕೂಗಿದರು.

"ಒಂದೂವರೆನಾ? ಅದಕ್ಕೇ ನಮ್ಮ ಅರ್ಧಕ್ಕೆ ನೀರೇ ಏರಲ್ಲ!" ಎಂದು ಎಂಟನೇ ಮನೆಯವರು ಸಿಟ್ಟಿನಲ್ಲಿ ತಮ್ಮ ಗುಟ್ಟನ್ನೂ ಒದರಿಬಿಟ್ಟರು. ಜನ ಬೀದಿಗಿಳಿದರು. ಒಬ್ಬರ ಮೇಲೊಬ್ಬರು ಹರಿಹಾಯ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ! ಆದರೆ ಒಂದು ಅನುಕೂಲವಾಯಿತು. ಇಡೀ ಬೀದಿ ಎದುರಿಗೆ ನಿಂತು ನೋಡುವಾಗ ಸ್ವಿಚ್ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಅಕ್ಕನ ಅಳು ನೋಡಿ ಒಬ್ಬೊಬ್ಬರೇ ಫ್ಯೂಸ್ ಕಿತ್ತು ತಂದು ಅವಳ ಮಡಿಲಿಗೆ ಹಾಕಿದರು.

ವಾಮನಮೂರ್ತಿಗಳು ಮಾತ್ರ ಗೇಟಿನಲ್ಲೇ ನಿಂತು ವಾಚು ನೋಡಿಕೊಳ್ಳುತ್ತಿದ್ದರು. ಆರೂ ಐವತ್ತೆಂಟು. ಅವರ ಹಣೆಯಲ್ಲಿ ಬೆವರು.

"ಒಂಬತ್ತನೇ ಸಂಪರ್ಕ. ವಿಶ್ರಾಂತಿ," ಎಂದಿತು ಗೌರಿ, ದಣಿದ ಹಾಗೆ.

"ಕೊಟ್ರೇಶಪ್ಪ!" ಎಂದು ವಾಮನಮೂರ್ತಿಗಳು ಕೂಗಿಯೇಬಿಟ್ಟರು. "ನನ್ನದು ಟೈಮರ್ರೀ! ಏಳಕ್ಕೆ ತಾನೇ ಶುರುವಾಗುತ್ತೆ! ಮೋಟಾರ್ ಕೋಣೆ ಬೀಗದ ಕೈ ನಮ್ಮವಳ ಸೊಂಟದಲ್ಲಿ, ಅವಳು ಮಠದ ಪೂಜೆಗೆ ಹೋಗಿದಾಳೆ!"

ಭಾವ ಓಡಿದ ಓಟ ನೋಡಬೇಕಿತ್ತು. ಅರವತ್ತೆರಡು ವರ್ಷದ ಮನುಷ್ಯ ಕಾಂಪೌಂಡ್ ಹಾರಿದರು! ನಾನೂ ಹಾರಲು ಹೋಗಿ ಪಂಚೆ ಗೇಟಿಗೆ ಸಿಕ್ಕಿಕೊಂಡಿತು. ಒಳಗೆ ಟೈಮರ್ ಟಕ್ ಎಂದಿತು.

"ಸೆಳೆತ ಆರಂಭ," ಎಂದಿತು ಬೀದಿಯ ಸ್ಪೀಕರ್. "ಸೆಳೆತ ಹೆಚ್ಚಳ. ತುರ್ತು. ತುರ್ತು."

ಮಾಡು ಹಾರಿಹೋಗುವ ಹಾಗೆ ಅಕ್ಕ ಕಿರುಚಿದಳು. ಭಾವ ಕಲ್ಲೆತ್ತಿ ಬೀಗಕ್ಕೆ ಬಡಿದರು. ಒಂದು ಏಟು, ಎರಡು, ಮೂರು! ಬಾಗಿಲು ತೆರೆಯಿತು. ಅನುಭವ ಎಲ್ಲಿ ಹೋಗುತ್ತದೆ? ಮುನ್ನೂರು ಮೋಟಾರ್ ಕಿತ್ತ ಕೈ, ಒಂದೇ ಎಳೆತಕ್ಕೆ ವೈರು ಹರಿಯಿತು. ಮೋಟಾರ್ ನರಳಿ ನಿಂತಿತು.

ಸ್ಪೀಕರ್ ಏನೂ ಹೇಳಲಿಲ್ಲ. ಬೀದಿಗೆ ನೀರು ಬಂತು. ಹೊಸ ನೀರಿನ ಹೊಡೆತಕ್ಕೆ ಚಮಚ ಕಿತ್ತು ಹೊರಗೆ ಬಿತ್ತು. ಭಾವ ಅಕ್ಕನ ಪಕ್ಕಕ್ಕೆ ಬಂದು ನಿಂತು, "ತಪ್ಪಾಯ್ತು ಕಣೇ," ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಆ ಮಾತು ನಾನಂತೂ ಕೇಳಿರಲಿಲ್ಲ.

ಆಗ ಬೀದಿಯ ಕೊನೆಯಿಂದ ರತ್ನಾಬಾಯಿಯ ಕೂಗು ಕೇಳಿಸಿತು. "ಬಂತು! ಬಂತು!"

ಓಡಿದೆವು. ರತ್ನಾಬಾಯಿಯ ನಲ್ಲಿಗುಂಡಿಯ ಮೋಟು ಪೈಪು ಮೊದಲು ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಮಣಿಕಟ್ಟಿನ ದಪ್ಪಕ್ಕೆ ಸುರಿಯತೊಡಗಿತು. ಅವರು ಕೂಗಿದ್ದು ನೀರಿಗಾಗಿ! ಅಕ್ಕ ಗುಂಡಿಗಿಳಿದು ಸೆರಗೊಡ್ಡಿ ಕುಳಿತಳು. ಎರಡು ಕೊಡ ತುಂಬಿದವು, ಮೂರು ತುಂಬಿದವು. ನಾಲ್ಕನೆಯದು ಕಂಠಮಟ್ಟ ಬಂದಾಗ ಪೈಪು ಒಮ್ಮೆ ಬಿಕ್ಕಿ, ಬಾಲ ಹರಿದ ನೀಲಿ ಮುದ್ದೆಯೊಂದನ್ನು ಅಕ್ಕನ ಸೆರಗಿಗೆ ಹಾಕಿತು. ಅದು ಚಟಪಟ ಒದ್ದಾಡಿತು. ಜೀವ ಇತ್ತು!

ಬೀದಿಯೆಲ್ಲ ಕೇಕೆ ಹಾಕಿತು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ?

"ಅಳೋದು ಆಮೇಲೆ, ಐದನೇ ಕೊಡ ಇಡ್ರಪ್ಪಾ!" ಎಂದರು ರತ್ನಾಬಾಯಿ.

ಎಂಟು ಗಂಟೆಯ ಹೊತ್ತಿಗೆ ಗೌರಿ ಅಕ್ಕನ ಅಡುಗೆಮನೆಯಲ್ಲಿ, ಅಗಲವಾದ ಪಾತ್ರೆಯ ನಿಂತ ನೀರಿನಲ್ಲಿ, ಜರೀಗಿಡದ ನೆರಳಿನಲ್ಲಿ ತೇಲುತ್ತಿತ್ತು. ಆರು ಚಪ್ಪಟೆ ಮೀನುಗಳು ಇಮ್ತಿಯಾಜನ ಅಂಗಡಿಗೆ ವಾಪಸಾಗಿದ್ದವು. ಕಪಾಟಿನ ಮೋಟಾರನ್ನು ಭಾವ ತಾವೇ ಕಳಚಿದರು. ತಮ್ಮ ಮೋಟಾರನ್ನೇ ಕಿತ್ತದ್ದು ಅವರ ಸರ್ವಿಸಿನಲ್ಲೇ ಮೊದಲು.

ಅಕ್ಕ ಚಮಚವನ್ನು ತೊಳೆದು ಪಾತ್ರೆಗೆ ಇಳಿಸಿದಳು. ಕ್ಯಾರಿಯರಿನ ಸ್ಪೀಕರ್ ಒಣಗಿ ಮತ್ತೆ ಜೀವ ಹಿಡಿದಿತ್ತು.

"ಹೆದರಬೇಡ ಕಣೇ ಗೌರಿ," ಎಂದಳು. "ಇನ್ಮೇಲೆ ಜೋರು ನೀರು ಇಲ್ಲ. ನಿನಗೆ ಸಾಧು ಸ್ವಭಾವದ್ದು ಒಂದು ಜೊತೆ ಹುಡುಕಿ ತರ್ತೀನಿ."

ಗೌರಿ ಹರಿದ ಬಾಲವನ್ನು ಎರಡು ಸಲ ಆಡಿಸಿತು. ಯಂತ್ರ ಕರ್ರ್ ಎಂದು ಭಾವನ ಧ್ವನಿಯಲ್ಲಿ ಹೇಳಿತು: "ಜೊತೆ ಕೋರಿ ಅರ್ಜಿ ಸಲ್ಲಿಸಿರುವುದಿಲ್ಲ."

ಅಕ್ಕ ಬೆಪ್ಪಾಗಿ ನಿಂತಳು. ಒಂದು ತಿಂಗಳು, ನಾಲ್ಕು ಸಲ, ಅಷ್ಟೊಂದು ಮೀನು! ಗೌರಿಗೆ ಜೊತೆ ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ. ನಿಧಾನವಾಗಿ ಅವಳ ಮುಖದಲ್ಲಿ ನಗು ಮೂಡಿತು. ಅವಳು ತಿರುಗಿ ಭಾವನನ್ನು ಮೇಲಿಂದ ಕೆಳಗೆ ನೋಡಿದಳು.

"ನಾನೂ ಸಲ್ಲಿಸಿರಲಿಲ್ಲ," ಎಂದಳು.

ಭಾವ ತಕ್ಷಣ ಬ್ಯಾಟರಿಯ ವೈರು ಕಿತ್ತು, ಕ್ಯಾರಿಯರನ್ನು ತೊಳೆದು, ಒರೆಸಿ ಕಪಾಟಿನಲ್ಲಿಟ್ಟರು. ಅಕ್ಕನ ಆ ಕಡತ ಮಾತ್ರ ಇನ್ನೂ ವಿಲೇವಾರಿಯಾಗಿಲ್ಲ.